ಸಿಟಿಜನ್ ಹುಡುಗನ ಜೊತೆ ಮದುವೆ ಆಯ್ತು, ಗ್ರೀನ್ ಕಾರ್ಡ್ ಯಾವಾಗ ಬರುತ್ತೆ?

ಚಿಂತಾಮಣಿಯ ಒಂದು ಛತ್ರದಲ್ಲಿ ನಮ್ಮಣ್ಣನ ಮಗಳ ಧಾರೆ ಮುಗಿದಿತ್ತು. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿದ್ದ ಹಿರಿಯರು ಕೇಳಿದರು: "ಹುಡುಗ ಅಮೆರಿಕದ ಸಿಟಿಜನ್ ಅಂತೆ. ಹಂಗಾದ್ರೆ ಮಗು ಮುಂದಿನ ತಿಂಗಳೇ ಹೊರಟುಬಿಡ್ತಾಳೆ ಅಲ್ವಾ?" ನಮ್ಮಣ್ಣನೂ ಹಾಗೇ ನಂಬಿದ್ದ. ದೊಡ್ಡ ಸೂಟ್‌ಕೇಸ್ ಎರಡು ಆಗಲೇ ತಂದಿಟ್ಟಿದ್ದ. ಅವಳು ವಿಮಾನ ಹತ್ತಿದ್ದು ಒಂದೂಮುಕ್ಕಾಲು ವರ್ಷ ಆದಮೇಲೆ.

ಆ ಒಂದೂಮುಕ್ಕಾಲು ವರ್ಷ ಅವಳ ಫೈಲ್ ಹಿಡಿದು ಓಡಾಡಿದವರಲ್ಲಿ ನಾನೂ ಒಬ್ಬ. ಈಗ ನಮ್ಮ ಕಡೆ ಇಂಥ ಸಂಬಂಧಗಳು ಜಾಸ್ತಿ ಬರುತ್ತಿವೆ. ಮುಳಬಾಗಿಲಿನಿಂದ, ಶಿಡ್ಲಘಟ್ಟದಿಂದ, ಗೌರಿಬಿದನೂರಿನಿಂದ ಫೋನ್ ಮಾಡಿ ಕೇಳುತ್ತಾರೆ. ಎಲ್ಲರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ. ಅದಕ್ಕೆ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಹುಡುಗಿ ಸಿಟಿಜನ್ ಆಗಿ ಹುಡುಗ ನಮ್ಮ ಊರಿನವನಾಗಿದ್ದರೂ ನಿಯಮ ಇದೇ.

ಮೊದಲು ಮೂರು ಮಾತಿನ ಅರ್ಥ

ಸಿಟಿಜನ್ ಅಂದರೆ ಅಮೆರಿಕದ ಪ್ರಜೆ. ಅಲ್ಲಿ ಓಟು ಹಾಕುವವರು, ನೀಲಿ ಪಾಸ್‌ಪೋರ್ಟ್ ಇರುವವರು. ಗ್ರೀನ್ ಕಾರ್ಡ್ ಇರುವವರು ಪ್ರಜೆಗಳಲ್ಲ. ಅವರ ಪಾಸ್‌ಪೋರ್ಟ್ ಭಾರತದ್ದೇ. ಆದರೆ ಅಮೆರಿಕದಲ್ಲಿ ಕಾಯಂ ಆಗಿ ಇರುವ ಹಕ್ಕು, ಯಾರ ಹತ್ತಿರ ಬೇಕಾದರೂ ಕೆಲಸ ಮಾಡುವ ಹಕ್ಕು ಅವರಿಗಿದೆ. ಇನ್ನು ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಕೆಲಸ ಇರುವಷ್ಟು ದಿನ ಮಾತ್ರ ಜಾಗ.

ಸಂಬಂಧ ಮಾತಾಡುವಾಗ "ಹುಡುಗ ಅಮೆರಿಕದಲ್ಲಿ ಸೆಟ್ಲ್ ಆಗಿದ್ದಾನೆ" ಅಂದರೆ ಈ ಮೂರರಲ್ಲಿ ಯಾವುದು ಅಂತ ಬಾಯಿ ಬಿಟ್ಟು ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ನಿಮ್ಮ ಮಗಳು ಎಷ್ಟು ವರ್ಷ ಕಾಯಬೇಕು ಅನ್ನೋದು ಇದೊಂದರ ಮೇಲೆ ನಿಂತಿದೆ.

ಯಾಕೆ ಅಂದರೆ, ಅಮೆರಿಕದ ಕಾನೂನಿನಲ್ಲಿ ಸಿಟಿಜನ್‌ನ ಗಂಡ ಅಥವಾ ಹೆಂಡತಿ 'ತೀರಾ ಹತ್ತಿರದ ಸಂಬಂಧಿ'. ಈ ಗುಂಪಿಗೆ ವರ್ಷಕ್ಕೆ ಇಷ್ಟೇ ಕಾರ್ಡ್ ಅನ್ನುವ ಮಿತಿ ಇಲ್ಲ. ಅರ್ಜಿ ಪಾಸಾಗುವಷ್ಟು ಹೊತ್ತು ಕಾದರೆ ಸಾಕು. ಗ್ರೀನ್ ಕಾರ್ಡ್ ಇರುವವರ ಹೆಂಡತಿಗೆ ಮಿತಿ ಇದೆ, ಅವಳು ಸಾಲಿನಲ್ಲಿ ನಿಲ್ಲಬೇಕು. ಕೆಲಸದ ಮೂಲಕ ಗ್ರೀನ್ ಕಾರ್ಡ್ ಕೇಳುವ ಭಾರತದವರ ಸಾಲಂತೂ ಬಹಳ ಉದ್ದ. ಒಂದೊಂದು ದೇಶಕ್ಕೆ ಶೇಕಡಾ 7 ಅನ್ನುವ ಮಿತಿ ಇರುವುದರಿಂದ ನಮ್ಮ ಎಷ್ಟೋ ಹುಡುಗರು ಹತ್ತಾರು ವರ್ಷದಿಂದ ಕಾಯುತ್ತಿದ್ದಾರೆ. "ಅವರ ಮಗನಿಗೇ ಇನ್ನೂ ಸಿಕ್ಕಿಲ್ಲ, ನಿಮ್ಮ ಮಗಳಿಗೆ ಹೇಗೆ ಸಿಗುತ್ತೆ" ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಆ ಸಾಲೇ ಬೇರೆ.

ಕ್ರಯಪತ್ರ ಬೇರೆ, ಖಾತೆ ಬೇರೆ

ನಾವು ಜಮೀನು ಕೊಂಡಾಗ ಏನಾಗುತ್ತದೆ? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ಆಗುತ್ತದೆ. ಅಷ್ಟಕ್ಕೇ ಪಹಣಿಯಲ್ಲಿ ನಮ್ಮ ಹೆಸರು ಬಂದುಬಿಡುತ್ತಾ? ಇಲ್ಲ. ಮ್ಯುಟೇಶನ್ ಆಗಬೇಕು, ಖಾತೆ ನಮ್ಮ ಹೆಸರಿಗೆ ಬೀಳಬೇಕು. ಇಲ್ಲೂ ಹಾಗೇ. ಮದುವೆ ಅಂದರೆ ಕ್ರಯಪತ್ರ ಆದ ಹಾಗೆ. ಅದರಿಂದ ಕೇಳುವ ಹಕ್ಕು ಬಂತು. ಗ್ರೀನ್ ಕಾರ್ಡ್ ಅಂದರೆ ಖಾತೆ. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ವಿಚಾರಣೆ.

ಮೊದಲ ಅರ್ಜಿ ಹಾಕುವವಳು ನಮ್ಮ ಹುಡುಗಿಯಲ್ಲ, ಅವಳ ಗಂಡ. "ಇವಳು ನನ್ನ ಹೆಂಡತಿ, ಇವಳನ್ನು ಕರೆಸಿಕೊಳ್ಳಲು ಒಪ್ಪಿಗೆ ಕೊಡಿ" ಅಂತ ಅವನು ಅಲ್ಲಿನ ಸರ್ಕಾರವನ್ನು ಕೇಳುವ ಅರ್ಜಿಗೆ ಐ-130 ಅಂತ ಹೆಸರು. ಅವನು ಹಾಕದಿದ್ದರೆ ಫೈಲ್ ಶುರುವೇ ಆಗೋದಿಲ್ಲ. ಹಾಕಿದ ಮೇಲೂ, ಅವಳಿಗೆ ಗ್ರೀನ್ ಕಾರ್ಡ್ ಸಿಗುವ ಮುಂಚೆ ಅವನು ವಾಪಸ್ ತೆಗೆದುಕೊಳ್ಳಬಹುದು. ಹೆಣ್ಣಿನ ಕಡೆಯವರು ಇದನ್ನು ತಿಳಿದಿರಲೇಬೇಕು. ಅರ್ಜಿ ಹಾಕಿದ ಮೇಲೆ ಒಂದು ರಸೀದಿ ನಂಬರ್ ಬರುತ್ತದೆ. ಆ ನಂಬರ್ ಮಗಳ ಹತ್ತಿರ ಇರಲಿ. ಅದನ್ನು ವೆಬ್‌ಸೈಟಿನಲ್ಲಿ ಹಾಕಿದರೆ ಫೈಲ್ ಎಲ್ಲಿದೆ ಅಂತ ಅವಳೇ ನೋಡಬಹುದು, ಯಾರನ್ನೂ ಕೇಳುತ್ತಾ ಕೂರಬೇಕಿಲ್ಲ.

ಫೈಲ್ ಹೋಗುವ ದಾರಿ

ಐ-130 ಹೋಗುವುದು ಯುಎಸ್‌ಸಿಐಎಸ್ ಅನ್ನುವ, ವಲಸೆ ಅರ್ಜಿ ನೋಡುವ ಅಮೆರಿಕದ ಇಲಾಖೆಗೆ. ಕಾಯುವ ಕಾಲದ ದೊಡ್ಡ ಪಾಲು ಇಲ್ಲೇ ಕಳೆಯುತ್ತದೆ. ನಮ್ಮ ಹುಡುಗಿಯದು ಇಲ್ಲೇ ಒಂದು ವರ್ಷ ದಾಟಿತು. ಒಪ್ಪಿಗೆ ಸಿಕ್ಕ ಮೇಲೆ ಫೈಲ್ ನ್ಯಾಷನಲ್ ವೀಸಾ ಸೆಂಟರ್‌ಗೆ ಬರುತ್ತದೆ. ಅಲ್ಲಿಂದ ಹುಡುಗಿಯ ಕೆಲಸ ಶುರು. ಅವಳು ಡಿಎಸ್-260 ಅನ್ನುವ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಹಾಕಬೇಕು. ಎಲ್ಲ ಸರಿ ಇದ್ದರೆ ಸಂದರ್ಶನದ ದಿನ ಕೊಡುತ್ತಾರೆ.

ಖರ್ಚು ಹೀಗಿದೆ. 2024ರ ಏಪ್ರಿಲ್ 1ರಿಂದ ಬಂದ ದರದಲ್ಲಿ ಐ-130ಗೆ ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಿ ಹಾಕಿದರೆ 675. ವೀಸಾ ಅರ್ಜಿಗೆ 325, ಗಂಡ ಕೊಡುವ ಜಾಮೀನು ಪತ್ರ (ಅದರ ವಿಷಯ ಮುಂದೆ ಇದೆ) ನೋಡುವುದಕ್ಕೆ 120, ಕೊನೆಯಲ್ಲಿ ಕಾರ್ಡ್ ತಯಾರಿಗೆ 235. ಒಟ್ಟು 1,300 ಡಾಲರ್ ದಾಟುತ್ತದೆ. ವೈದ್ಯಕೀಯ ತಪಾಸಣೆ, ಸಂದರ್ಶನಕ್ಕೆ ಮುಂಬೈ ಓಡಾಟ ಬೇರೆ. ದರಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ ಕಟ್ಟಿ.

"ಅಲ್ಲಿಯವರೆಗೆ ವಿಸಿಟರ್ ವೀಸಾದಲ್ಲಿ ಹೋಗಿ ಬರಲಿ" ಅಂತ ಎಲ್ಲರೂ ಹೇಳುತ್ತಾರೆ. ಆ ವೀಸಾ ಕೊಡಬೇಕಾದರೆ ವಾಪಸ್ ಬರುತ್ತಾರೆ ಅನ್ನುವ ನಂಬಿಕೆ ಅಧಿಕಾರಿಗೆ ಬರಬೇಕು. ಕಾಯಂ ಆಗಿ ಹೋಗುವ ಅರ್ಜಿ ಹಾಕಿ ಕೂತವರ ಮೇಲೆ ಆ ನಂಬಿಕೆ ಬರೋದು ಕಷ್ಟ. ಅರ್ಜಿ ಹಾಕಿದ್ದನ್ನು ಮುಚ್ಚಿಟ್ಟು ಕೇಳುವುದಂತೂ ಬೇಡವೇ ಬೇಡ. ಸುಳ್ಳು ಹೇಳಿದ್ದು ಗೊತ್ತಾದರೆ ಮುಂದಿನ ಗ್ರೀನ್ ಕಾರ್ಡಿಗೇ ಕಲ್ಲು ಬೀಳುತ್ತದೆ.

ಕಷ್ಟ ಇರುವುದು ನಮ್ಮ ತಾಲ್ಲೂಕಿನ ಕಾಗದದಲ್ಲಿ

ಅಮೆರಿಕದ ಕಡೆಯ ಕೆಲಸ ನಿಧಾನ ಆದರೂ ಒಂದು ದಾರಿಯಲ್ಲಿ ಹೋಗುತ್ತದೆ. ನಾನು ನೋಡಿದ ಹಾಗೆ ಫೈಲ್ ಸಿಕ್ಕಿಕೊಳ್ಳುವುದು ಇಲ್ಲಿನ ದಾಖಲೆಗಳಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಭಾನುವಾರ ಅಣ್ಣನ ಮನೆ ನಡುಮನೆಯಲ್ಲಿ ಚಾಪೆ ಹಾಸಿ ಅವಳ ಕಾಗದಗಳನ್ನೆಲ್ಲ ಹರಡಿದೆವು. ಸ್ಕೂಲಿನ ಟಿಸಿಯಲ್ಲಿ ಹೆಸರಿನ ಮುಂದೆ ಅಪ್ಪನ ಇನಿಶಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅದೇ ಇನಿಶಿಯಲ್ ಹೆಸರಿನ ಹಿಂದೆ. ಆಧಾರ್‌ನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟ್‌ನಲ್ಲಿ ಬರೀ ಅವಳ ಹೆಸರು, ಸರ್‌ನೇಮ್ ಜಾಗ ಖಾಲಿ. ಅಪ್ಪನ ಹೆಸರೂ ಅಷ್ಟೇ, ಒಂದು ಕಡೆ ಕೊನೆಗೆ 'ಅಪ್ಪ' ಇದೆ, ಇನ್ನೊಂದು ಕಡೆ ಇಲ್ಲ. ನಮಗೆ ಇದೆಲ್ಲ ಒಬ್ಬಳೇ ಹುಡುಗಿ. ಸಾವಿರಾರು ಮೈಲಿ ದೂರದಲ್ಲಿ ಕೂತು ಕಾಗದ ಮಾತ್ರ ನೋಡುವವರಿಗೆ ನಾಲ್ಕು ಜನ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಇನ್ನೊಂದು ತೊಡಕಿದೆ. ಅಮೆರಿಕದ ವೀಸಾದಲ್ಲಿ ನಮ್ಮ ಹೆಸರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂರುತ್ತದೆ. ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರು ಹಿಂದೆ ಬೀಳುತ್ತದೆ. ಮದುವೆ ನಿಶ್ಚಯ ಆದ ತಕ್ಷಣ ಪಾಸ್‌ಪೋರ್ಟ್‌ನಲ್ಲಿ ಹೆಸರು ಎರಡು ಭಾಗ ಮಾಡಿಸಿಕೊಳ್ಳುವುದು ಒಳ್ಳೆಯದು. ಮಿಕ್ಕ ದಾಖಲೆಗಳಲ್ಲಿ ತಿದ್ದಲು ಆಗುವುದನ್ನು ತಿದ್ದಿಸಿ. ಆಗದಿದ್ದರೆ "ಈ ಎಲ್ಲ ಹೆಸರೂ ಒಬ್ಬರದೇ" ಅನ್ನುವ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಇನ್ನು ಜನನ ಪ್ರಮಾಣಪತ್ರ. ಹಳ್ಳಿಯಲ್ಲಿ ಹುಟ್ಟಿದವರ ಕಥೆ ನಿಮಗೇ ಗೊತ್ತು. ಹುಟ್ಟಿದ ದಿನ ಮಗುವಿಗೆ ಹೆಸರಿಟ್ಟಿರುವುದಿಲ್ಲ. ರಿಜಿಸ್ಟರ್‌ನಲ್ಲಿ ಬರೀ 'ಹೆಣ್ಣು' ಅಂತ ಇರುತ್ತದೆ. ಕೆಲವರದು ನೋಂದಣಿಯೇ ಆಗಿರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಮಗುವಿನ ಹೆಸರು ಆಮೇಲೆ ಸೇರಿಸಲು 14ನೇ ಸೆಕ್ಷನ್ ಇದೆ. ಒಂದು ವರ್ಷ ದಾಟಿದ ಮೇಲೆ ಹೊಸದಾಗಿ ನೋಂದಾಯಿಸಬೇಕಾದರೆ ಮೊದಲು ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆದಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟವರು ಆದೇಶ ಕೊಡಬಹುದು. ದಾಖಲೆ ಸಿಗೋದೇ ಇಲ್ಲ ಅಂದರೆ "ಲಭ್ಯವಿಲ್ಲ" ಅನ್ನುವ ಪತ್ರ ತೆಗೆದುಕೊಂಡು, ಸ್ಕೂಲ್ ದಾಖಲೆ, ಹುಟ್ಟಿದ್ದು ಗೊತ್ತಿರುವ ಹತ್ತಿರದ ಸಂಬಂಧಿಕರ ಅಫಿಡವಿಟ್ ಸೇರಿಸಿ ಕೊಡಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಐ-130 ಅಮೆರಿಕದಲ್ಲಿ ಕೂತಿರುವ ಆ ವರ್ಷದಲ್ಲೇ ಇದನ್ನು ಮುಗಿಸಿಕೊಳ್ಳಿ.

ಮದುವೆ ನೋಂದಣಿ ಮೂರನೆಯದು. ಛತ್ರದ ರಸೀದಿ, ಲಗ್ನಪತ್ರಿಕೆ ಇವು ಪೂರಕ ಮಾತ್ರ. ಅವರಿಗೆ ಬೇಕಾದದ್ದು ನೋಂದಣಿ ಪ್ರಮಾಣಪತ್ರ. ನಮ್ಮ ಹುಡುಗನಿಗೆ ಇದ್ದದ್ದು 25 ದಿನದ ರಜೆ. ಆಫೀಸಿನಲ್ಲಿ ಅವನ ಅಮೆರಿಕದ ಪಾಸ್‌ಪೋರ್ಟ್ ನೋಡಿ, ವಿಶೇಷ ವಿವಾಹ ಕಾಯ್ದೆಯಲ್ಲಿ ಬನ್ನಿ ಅಂದುಬಿಟ್ಟರು. 1954ರ ಆ ಕಾಯ್ದೆಯಲ್ಲಿ, ಆಗಲೇ ನಡೆದ ಮದುವೆಯನ್ನು ನೋಂದಾಯಿಸಲು ಇಬ್ಬರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ಆಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. 25 ದಿನದ ರಜೆಯಲ್ಲಿ ಇದು ಎಲ್ಲಿ ಸಾಧ್ಯ? ವಕೀಲರನ್ನು ಕರೆದುಕೊಂಡು ನಾಲ್ಕು ಸಲ ಓಡಾಡಿ, ಕೊನೆಗೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ನೋಂದಣಿ ಆಯಿತು. ಅವನು ವಾಪಸ್ ಹೊರಡುವ ಹಿಂದಿನ ದಿನ ಸರ್ಟಿಫಿಕೇಟ್ ಕೈಗೆ ಬಂತು. ಆ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಅದಕ್ಕೇ ಹೇಳುವುದು, ಮುಹೂರ್ತ ಇಡಿಸುವ ಮುಂಚೆಯೇ ನೋಂದಣಿ ಯಾವ ಕಾಯ್ದೆಯಲ್ಲಿ, ಏನೇನು ಕಾಗದ ಬೇಕು ಅಂತ ಹೋಗಿ ಕೇಳಿಕೊಂಡು ಬನ್ನಿ.

ಯಾರಿಗಾದರೂ ಇದು ಎರಡನೇ ಮದುವೆ ಆಗಿದ್ದರೆ ಮೊದಲನೆಯದು ಕಾನೂನಿನ ಪ್ರಕಾರ ಮುಗಿದದ್ದಕ್ಕೆ ಕೋರ್ಟಿನ ಡಿಕ್ರಿ ಬೇಕು. ಊರಿನ ಹಿರಿಯರ ಮುಂದೆ ಬರೆದುಕೊಂಡ ಬಿಡುಗಡೆ ಪತ್ರ ಮಾತ್ರ ಇದ್ದರೆ ಮದುವೆಗೆ ಮುಂಚೆಯೇ ವಕೀಲರ ಹತ್ತಿರ ಹೋಗಿ. ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಸರಿಯಾಗಿದೆ" ಅಂತ ಬರೆದು ಸಹಿ ಹಾಕಬೇಕು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಆಫೀಸಿನ ಮೂಲಕ ಸಿಗುತ್ತದೆ. ಅದು ಸುಲಭ.

ಸೋದರಮಾವ, ಅತ್ತೆ ಮಗ

ನಮ್ಮ ಕಡೆ ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮದುವೆ ನಡೆದ ಜಾಗದಲ್ಲಿ ಅದು ಕಾನೂನಿಗೆ ಸರಿ ಇರಬೇಕು ಅನ್ನುವುದು ಅಮೆರಿಕದ ಮೊದಲ ಅಳತೆ. ನಮ್ಮಲ್ಲಿ ರೂಢಿ ಇದ್ದರೆ ಸೋದರ ಸಂಬಂಧಕ್ಕೆ ಹಿಂದೂ ವಿವಾಹ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಆದರೆ ಗಂಡ ಹೆಂಡತಿ ಅಲ್ಲಿ ಯಾವ ರಾಜ್ಯದಲ್ಲಿ ಇರುತ್ತಾರೋ ಅಲ್ಲಿನ ಕಾನೂನನ್ನೂ ನೋಡುತ್ತಾರೆ. ಸೋದರಮಾವನ ಜೊತೆ ಮದುವೆಗೆ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಅವಕಾಶ ಇಲ್ಲ. ಅತ್ತೆ ಮಗ, ಮಾವನ ಮಗಳ ಮದುವೆ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಆಗಬಹುದು, ಟೆಕ್ಸಾಸ್‌ನಲ್ಲಿ ಮದುವೆ ಮಾಡಿಕೊಳ್ಳುವ ಹಾಗಿಲ್ಲ. ಇಂಥ ಸಂಬಂಧ ಆಗಿದ್ದರೆ ಅರ್ಜಿಗೆ ಮುಂಚೆ ಅಲ್ಲಿನ ಇಮಿಗ್ರೇಷನ್ ವಕೀಲರನ್ನು ಕೇಳಲೇಬೇಕು. ಸಂಬಂಧ ಮುಚ್ಚಿಡಬೇಡಿ.

ಗಂಡ ಹಾಕುವ ಜಾಮೀನು

ಸೊಸೈಟಿಯಲ್ಲಿ ಸಾಲ ತೆಗೆಯುವಾಗ ಜಾಮೀನುದಾರರು ಬೇಕಲ್ವಾ, ಇದೂ ಹಾಗೇ. ಐ-864 ಅನ್ನುವ ಪತ್ರದಲ್ಲಿ ಗಂಡ, "ಇವಳು ಸರ್ಕಾರಕ್ಕೆ ಭಾರ ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ" ಅಂತ ಬರೆದುಕೊಡಬೇಕು. ಅವನ ವರಮಾನ ಅಲ್ಲಿನ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ಅದು ವರ್ಷಕ್ಕೆ 26,437 ಡಾಲರ್ ಇತ್ತು. ಅಲಾಸ್ಕಾ, ಹವಾಯಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಷ್ಟು ಇಲ್ಲದಿದ್ದರೆ ಅಮೆರಿಕದಲ್ಲಿರುವ ಇನ್ನೊಬ್ಬ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರು ಜೊತೆಗೆ ಜಾಮೀನು ನಿಲ್ಲಬಹುದು.

ಈ ಜಾಮೀನಿನ ಬಗ್ಗೆ ಒಂದು ಮಾತು ಯಾರೂ ಹೇಳುವುದಿಲ್ಲ. ವಿಚ್ಛೇದನ ಆದರೂ ಅದು ಮುಗಿಯುವುದಿಲ್ಲ. ಅವಳು ಸಿಟಿಜನ್ ಆಗುವವರೆಗೆ, ಅಥವಾ ಸುಮಾರು 10 ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಬರುವವರೆಗೆ, ಅಥವಾ ಅವಳು ಆ ದೇಶವನ್ನೇ ಬಿಟ್ಟು ಬರುವವರೆಗೆ, ಅಥವಾ ಇಬ್ಬರಲ್ಲಿ ಒಬ್ಬರು ತೀರಿಹೋಗುವವರೆಗೆ ಅದು ಇದ್ದೇ ಇರುತ್ತದೆ.

ಮುಂಬೈನಲ್ಲಿ ಒಂದು ಬೆಳಗ್ಗೆ

ಎಚ್-1ಬಿಗೆ ಚೆನ್ನೈಗೆ ಹೋಗಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಯಂ ವಾಸದ ವೀಸಾಗೆ ಮಾತ್ರ ಸಾಮಾನ್ಯವಾಗಿ ಮುಂಬೈ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟ್. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು ನಿಜ, ಆದರೆ ವೀಸಾ ಕೆಲಸ ಅದರ ಜೊತೆ ಶುರುವಾಗಲಿಲ್ಲ. ಸಂದರ್ಶನಕ್ಕೆ ಮುಂಚೆ ಅವರು ಗೊತ್ತು ಮಾಡಿದ ವೈದ್ಯರ ಹತ್ತಿರ ತಪಾಸಣೆ ಆಗಬೇಕು. ಎದೆಯ ಎಕ್ಸ್‌ರೇ ತೆಗೆದು ಕ್ಷಯ ಇದೆಯಾ ನೋಡುತ್ತಾರೆ, ಲಸಿಕೆ ಬಾಕಿ ಇದ್ದರೆ ಹಾಕುತ್ತಾರೆ. ನಮ್ಮೂರ ಡಾಕ್ಟರ ಸರ್ಟಿಫಿಕೇಟ್ ನಡೆಯುವುದಿಲ್ಲ.

ಸಂದರ್ಶನದಲ್ಲಿ ಅವರು ತಿಳಿಯಲು ನೋಡುವುದು ಒಂದೇ: ಇದು ಸಂಸಾರಕ್ಕೆ ಆದ ಮದುವೆಯೋ, ಕಾರ್ಡಿಗೆ ಆದ ಮದುವೆಯೋ. ಹಿರಿಯರು ನೋಡಿ ಮಾಡಿದ ಮದುವೆ ಆದರೆ ಗಂಡ ಹೆಂಡತಿ ಜೊತೆಗೆ ಇದ್ದದ್ದೇ ಹದಿನೈದು ಇಪ್ಪತ್ತು ದಿನ. ಒಟ್ಟಿಗೆ ಬ್ಯಾಂಕ್ ಖಾತೆ, ಬಾಡಿಗೆ ಕರಾರು ಎಲ್ಲಿಂದ ತರೋಣ? ನಾವು ಕೊಟ್ಟದ್ದು ಇಷ್ಟು: ನಿಶ್ಚಿತಾರ್ಥದಿಂದ ಹಿಡಿದು ಎರಡೂ ಕಡೆಯ ಹಿರಿಯರು ಇರುವ ಫೋಟೋ, ಲಗ್ನಪತ್ರಿಕೆ, ಅವನ ವಿಮಾನದ ಟಿಕೆಟ್, ತಿಂಗಳು ತಿಂಗಳು ಮಾತಾಡಿದ ಕಾಲ್ ಲಿಸ್ಟ್, ಅವನು ಕಳಿಸಿದ ಹಣದ ಬ್ಯಾಂಕ್ ವಿವರ, ಅವನು ಇನ್ನೊಮ್ಮೆ ಬಂದು ಹೋದದ್ದರ ದಾಖಲೆ. ಅವಳನ್ನು ಕೇಳಿದ್ದು, ಅತ್ತೆ ಮಾವ ಎಲ್ಲಿರುತ್ತಾರೆ, ಗಂಡನ ಕೆಲಸ ಏನು, ಮೊದಲು ಎಲ್ಲಿ ನೋಡಿದಿರಿ. ಹತ್ತು ನಿಮಿಷವೂ ಆಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ಸಾಕು, ಉರು ಹೊಡೆದು ಹೋಗಬೇಕಿಲ್ಲ. ಕಾಗದ ಬಾಕಿ ಇದ್ದರೆ 221-ಜಿ ಅನ್ನುವ ಚೀಟಿ ಕೊಡುತ್ತಾರೆ. ಅದನ್ನು ನೋಡಿ ಅಳುವವರಿದ್ದಾರೆ. ಎಷ್ಟೋ ಸಲ ಕೇಳಿದ ಕಾಗದ ಕೊಟ್ಟರೆ ಫೈಲ್ ಮುಂದೆ ಹೋಗುತ್ತದೆ.

ಸುಳ್ಳು ಮದುವೆಗೆ ಶಿಕ್ಷೆ ಬಹಳ ಕಠಿಣ. ಅಮೆರಿಕದ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಅಂಥವರಿಗೆ ಮುಂದೆ ಯಾರು ಅರ್ಜಿ ಹಾಕಿದರೂ ಒಪ್ಪಿಗೆ ಸಿಗುವುದಿಲ್ಲ. ಏಜೆಂಟರ ಮಾತು ಕೇಳುವ ಮುಂಚೆ ಇದನ್ನು ಓದಿಕೊಳ್ಳಿ.

ಓದಲು ಹೋಗಿ ಅಲ್ಲೇ ಮದುವೆ ಆದರೆ

ಆಗ ಇಲ್ಲಿಗೆ ವಾಪಸ್ ಬರಬೇಕಿಲ್ಲ. ಸರಿಯಾದ ವೀಸಾದಲ್ಲಿ ಒಳಗೆ ಹೋದವರು ಐ-485 ಅನ್ನುವ ಅರ್ಜಿಯನ್ನು ಅಲ್ಲಿಂದಲೇ ಹಾಕಬಹುದು. ಫೈಲ್ ನಡೆಯುವಾಗ ಅಜ್ಜಿಗೆ ಹುಷಾರಿಲ್ಲ, ಹಬ್ಬ ಇದೆ ಅಂತ ಅನುಮತಿ ಪತ್ರ ತೆಗೆದುಕೊಳ್ಳದೆ ಊರಿಗೆ ಬಂದರೆ ಸಾಮಾನ್ಯವಾಗಿ ಅರ್ಜಿ ಕೈಬಿಟ್ಟ ಹಾಗೆ ಲೆಕ್ಕ. ಮನೆಯವರು ಬಾ ಬಾ ಅಂತ ಒತ್ತಾಯ ಮಾಡಬೇಡಿ.

ಎರಡು ವರ್ಷದ ಕಾರ್ಡ್

ಅಮೆರಿಕದಲ್ಲಿ ಇಳಿದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಕಾರ್ಡ್. ತುಂಬಿದ್ದರೆ ಹತ್ತು ವರ್ಷದ್ದು. ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಪ್ರೊಬೇಷನ್ ಇರುತ್ತದಲ್ಲ, ಅದೇ ಥರ. ಕೆಲಸ ಮಾಡುವುದಕ್ಕೆ, ಊರಿಗೆ ಬಂದು ಹೋಗುವುದಕ್ಕೆ ಏನೂ ಕಮ್ಮಿ ಇಲ್ಲ. ಆದರೆ ಕಾಯಂ ಆಗಲು ಇನ್ನೊಂದು ಅರ್ಜಿ ಹಾಕಬೇಕು. 1986ರಲ್ಲಿ ಸುಳ್ಳು ಮದುವೆ ತಡೆಯಲು ಅಲ್ಲಿ ತಂದ ಕಾನೂನಿನಿಂದ ಬಂದ ನಿಯಮ ಇದು.

ಆ ಅರ್ಜಿಯ ಹೆಸರು ಐ-751. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಕಾರ್ಡ್ ಮುಗಿಯುವ ಮುಂಚಿನ 90 ದಿನದೊಳಗೆ ಕಳಿಸಬೇಕು. ಮರೆತರೆ ಕಾಯಂ ವಾಸದ ಹಕ್ಕೇ ಹೋಗಬಹುದು. ನಮ್ಮ ಹುಡುಗಿಗೆ ಬಂದದ್ದು ಇದೇ ಎರಡು ವರ್ಷದ ಕಾರ್ಡ್. ಅವಳು ಇಳಿದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು.

ಈಗ ಹೆಣ್ಣು ಮಕ್ಕಳ ತಂದೆ ತಾಯಿ ದಯವಿಟ್ಟು ಗಮನ ಇಟ್ಟು ಓದಿ. "ಗಂಡ ಸಹಿ ಹಾಕದಿದ್ದರೆ ಗತಿಯೇನು" ಅಂತ ಎಷ್ಟೋ ಹುಡುಗಿಯರು ಹೊಡೆತ ತಿಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಾರೆ. ಗಂಡನ ಸಹಿ ಇಲ್ಲದೆಯೂ ಐ-751 ಹಾಕುವ ದಾರಿ ಕಾನೂನಿನಲ್ಲೇ ಇದೆ. ಮದುವೆ ನಿಜವಾಗಿಯೇ ಆಗಿತ್ತು, ಆದರೆ ವಿಚ್ಛೇದನ ಆಯಿತು ಅಂದರೆ ಅವಳೊಬ್ಬಳೇ ಹಾಕಬಹುದು. ಗಂಡ ಹೊಡೆಯುತ್ತಿದ್ದ, ಕ್ರೂರವಾಗಿ ಹಿಂಸೆ ಕೊಡುತ್ತಿದ್ದ ಅಂದರೂ ಹಾಕಬಹುದು, ಆಗ ವಿಚ್ಛೇದನ ಆಗಿರಲೇಬೇಕು ಅಂತಿಲ್ಲ. ಗಂಡ ಐ-130 ಹಾಕದೆ ಸತಾಯಿಸುತ್ತಿದ್ದರೆ, ಹಿಂಸೆಗೆ ಒಳಗಾದ ಹೆಂಡತಿ ಐ-360 ಅನ್ನುವ ಅರ್ಜಿಯನ್ನು ತಾನೇ ಹಾಕಬಹುದು. ಗಂಡನಿಗೆ ಅದನ್ನು ತಿಳಿಸುವುದಿಲ್ಲ. ಗಂಡಸರಿಗೂ ಇದೇ ಹಕ್ಕಿದೆ. ಮಗಳನ್ನು ಕಳಿಸುವ ಮುಂಚೆ ಈ ನಂಬರ್‌ಗಳನ್ನು ಅವಳ ಕೈಯಲ್ಲಿ ಒಂದು ಚೀಟಿಯಲ್ಲಿ ಬರೆಸಿ. ಅವಳ ಪಾಸ್‌ಪೋರ್ಟ್, ಕಾರ್ಡು, ಮದುವೆ ಸರ್ಟಿಫಿಕೇಟಿನ ನಕಲು ನಿಮ್ಮ ಬೀರುವಿನಲ್ಲೂ ಒಂದೊಂದು ಇರಲಿ.

ಊರಿನ ಜಮೀನು ಏನಾಗುತ್ತೆ?

ಕೊನೆಗೆ ಎಲ್ಲ ಅಪ್ಪಂದಿರೂ ಕೇಳುವ ಪ್ರಶ್ನೆ ಇದು. ಗ್ರೀನ್ ಕಾರ್ಡ್ ಬಂದರೂ ಅವಳು ಭಾರತದ ಪ್ರಜೆಯೇ. ಅಪ್ಪನ ಆಸ್ತಿಯಲ್ಲಿ ಅವಳ ಪಾಲು ಹಾಗೇ ಇರುತ್ತದೆ. ಸಿಟಿಜನ್ ಗಂಡನ ಜೊತೆ ಸಂಸಾರ ಮಾಡಿಕೊಂಡಿದ್ದರೆ, ಗ್ರೀನ್ ಕಾರ್ಡ್ ಬಂದು ಮೂರು ವರ್ಷಕ್ಕೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಐದು ವರ್ಷ. ಅದು ಕಡ್ಡಾಯ ಏನಲ್ಲ. ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು, ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಒಸಿಐ ಇರುವವರು ಇಲ್ಲಿ ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಹೊರದೇಶದಲ್ಲಿ ನೆಲೆಸಿದ ಭಾರತದ ಪ್ರಜೆಗಳಿಗೂ ಇದೇ ನಿಯಮ. ಆದರೆ ಅಪ್ಪನಿಂದ ವಾರಸುದಾರಳಾಗಿ ಬಂದ ಹೊಲವನ್ನು ಅವಳು ಇಟ್ಟುಕೊಳ್ಳಬಹುದು.